ಗೊಂಬೆಗೊಂದು ಶಾಸನ

ಕೋಗಳಿಯ ಹಳೆಯ ಬಸದಿಯ ಜಗತಿಯ ಮೇಲೆ ಇಬ್ಬರು ಮಾತನಾಡುತ್ತಿದ್ದರು. ಒಬ್ಬರು ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ ಬಹುಕಾಲ ಪಾಠ ಹೇಳಿ, ನಿವೃತ್ತಿಯ ತರುವಾಯ ಸುತ್ತಣ ಗ್ರಾಮಗಳ ಶಾಸನಗಳನ್ನು ಓದುವುದರಲ್ಲಿ ಮನಸ್ಸಿಟ್ಟಿರುವ ಉಪಾಧ್ಯಾಯರು. ಇನ್ನೊಬ್ಬನು ಅವರ ಶಿಷ್ಯನಾಗಿದ್ದು, ಈಗ ಕೊಟ್ಟೂರಿನ ಪೇಟೆಯಲ್ಲಿ ಆಟಿಕೆಗಳ ಅಂಗಡಿಯನ್ನಿಟ್ಟುಕೊಂಡಿರುವ ವರ್ತಕ.

ವರ್ತಕ: ಗುರುಗಳೇ, ನಮ್ಮ ಈ ನಾಡನ್ನು ಶಾಸನಗಳು ಬರಿಯ ಕೋಗಳಿಯೆನ್ನದೆ ಕೋಗಳಿ ಐನೂರು ಎಂದು ಕರೆಯುವುದನ್ನು ಕಂಡಾಗಲೆಲ್ಲ ನನಗೆ ನನ್ನ ವ್ಯಾಪಾರದ ಒಂದು ಸಂಗತಿಯು ನೆನಪಿಗೆ ಬರುತ್ತದೆ. ಹೆಸರೊಂದಿದ್ದರೆ ಸಾಲದು, ಅದರ ಜೊತೆಗೆ ಸಂಖ್ಯೆಯೊಂದನ್ನೂ ನಿಲ್ಲಿಸಬೇಕು ಎಂದು ಆ ಕಾಲದವರಿಗೆ ತೋರಿದುದೇಕೆ?

ಉಪಾಧ್ಯಾಯರು: ಹೆಸರು ಗುರುತಿಗೆ ಸಾಕು, ತಮ್ಮಾ, ಸ್ಥಾನವನ್ನು ತಿಳಿಸುವುದಕ್ಕೆ ಸಾಲದು. ಕೋಗಳಿ ಐನೂರು ಎಂಬುದು ನೊಳಂಬವಾಡಿ ಮೂವತ್ತೆರಡು ಸಾವಿರವೆಂಬ ಮಂಡಲದ ಒಳಗಣ ಒಂದು ನಾಡು. ಅದರ ನೆರೆಯಲ್ಲಿ ಬಳ್ಳಕುಂದೆ ಮುನ್ನೂರು. ಪಶ್ಚಿಮಕ್ಕೆ ಹೋದರೆ ಬನವಾಸಿ ಹನ್ನೆರಡು ಸಾವಿರ, ದಕ್ಷಿಣಕ್ಕೆ ಹೋದರೆ ಗಂಗವಾಡಿ ತೊಂಬತ್ತಾರು ಸಾವಿರ. ಆ ಸಂಖ್ಯೆಯು ಗ್ರಾಮಗಳ ಎಣಿಕೆಯೋ ಕಂದಾಯದ ಮಾನವೋ ಎಂದು ವಿದ್ವಾಂಸರು ವಾದಿಸುತ್ತಾರೆ. ಅದು ಏನೇ ಇರಲಿ, ಯಾವುದು ಯಾವುದರೊಳಗೆ ಅಡಕವಾಗಿದೆ, ಅದರ ಹಿರಿಮೆಯೆಷ್ಟು ಎಂಬುದನ್ನು ಕೇಳಿದವನಿಗೆ ಒಂದೇ ಉಸಿರಿನಲ್ಲಿ ತಿಳಿಯುವಂತೆ ಮಾಡತಕ್ಕ ಕ್ರಮವದು. ಆದರೆ ಆಟಿಕೆಯ ಅಂಗಡಿಗೂ ಆ ಶಾಸನಗಳ ಕಾಲದ ಆಡಳಿತಕ್ಕೂ ನಡುವೆ ನೀನು ಕಂಡ ಸಂಬಂಧವೇನು?

ವರ್ತಕ: ಜಪಾನಿನ ರೂಪಾಂತರದ ಯಂತ್ರಮಾನವರಲ್ಲಿ ನನಗೆ ಆ ಸಂಬಂಧವು ಕಂಡಿತು. ಮೋಟಾರು ವಾಹನವಾಗಿಯೋ ವಿಮಾನವಾಗಿಯೋ ಇರುವ ಗೊಂಬೆಯ ಅಂಗಗಳನ್ನು ಮಡಿಚಿ, ತಿರುವಿ, ಎಳೆದು ನಿಲ್ಲಿಸಿದರೆ ಅದೇ ಕೈಕಾಲುಳ್ಳ ವೀರನಾಗುತ್ತದೆಯಲ್ಲ, ಆ ಬಗೆಯವು. ಇವುಗಳ ವಂಶಾವಳಿಯನ್ನು ಹುಡುಕಹೊರಟವನು ಗೊಂಬೆಗಳಿಗಿಂತ ಮೊದಲು ಪಟ್ಟಿಗಳನ್ನು ಓದಬೇಕಾಗುತ್ತದೆ. ಬಾಂಡಾಯ್ ಸಂಸ್ಥೆಯ ಅಂಗವಾಗಿದ್ದ ಪೋಪಿ ಎಂಬ ಸಂಸ್ಥೆಯು 1974ರಲ್ಲಿ, ಗೋ ನಾಗಾಯ್ ಅವರು ಸೃಷ್ಟಿಸಿದ ಮಜಿಂಗರ್ ಜೆಡ್ ಎಂಬ ಯಂತ್ರವೀರನನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಮಾರಾಟಕ್ಕೆ ತಂದಿತು. ಅಂಗಡಿಯಲ್ಲಿ ಸಿಕ್ಕುವ ಸತುವಿನ ಹೆಸರಿನಿಂದ ಅದನ್ನು ಕರೆಯದೆ, ಕಥೆಯೊಳಗೆ ಆ ವೀರನ ಕವಚಕ್ಕಿದ್ದ ಕಾಲ್ಪನಿಕ ಲೋಹದ ಹೆಸರಾದ ಚೋಗೋಕಿನ್ ಎಂಬುದನ್ನೇ ಇಡಿಯ ಗೊಂಬೆಸಾಲಿಗೆ ಇಟ್ಟು, ಆ ಮೊದಲ ಗೊಂಬೆಗೆ ಜಿಎ-01 ಎಂಬ ಅಂಕಿತವನ್ನು ಕೊಟ್ಟರು. ಅದರ ಹಿಂದೆ ಬಂದವು ಕ್ರಮವಾಗಿ ಮುಂದಿನ ಸಂಖ್ಯೆಗಳನ್ನು ಪಡೆದುವು. ಪಾಪಿನಿಕಾ ಎಂಬ ವಾಹನಗಳ ಸಾಲಿಗೆ ಪಿಎ ಎಂಬ ಬೇರೆ ಅಕ್ಷರಗಳು ಬಂದುವು. ಅಕ್ಷರವು ಕುಲವನ್ನು ಹೇಳುತ್ತದೆ, ಅಂಕಿಯು ಹುಟ್ಟಿದ ಕ್ರಮವನ್ನು ಹೇಳುತ್ತದೆ. 1997ರಲ್ಲಿ ಬಾಂಡಾಯ್ ಸಂಸ್ಥೆಯವರು, ಬಾಲ್ಯದಲ್ಲಿ ಆ ಗೊಂಬೆಗಳನ್ನು ಆಡಿ ಬೆಳೆದು ದೊಡ್ಡವರಾದವರಿಗಾಗಿ ಆ ಪರಂಪರೆಯನ್ನು ಹೊಸದಾಗಿ ಆರಂಭಿಸಿದಾಗ, ಜಿಎಕ್ಸ್-01 ಎಂಬ ಪ್ರಥಮಸ್ಥಾನವನ್ನು ಮತ್ತೆ ಮಜಿಂಗರನಿಗೇ ಒಪ್ಪಿಸಿದರು. ಪಟ್ಟಿಯಲ್ಲಿ ಅಗ್ರಪೀಠ ಯಾರದೆಂಬುದನ್ನು ಇಪ್ಪತ್ತಮೂರು ವರ್ಷಗಳಾದರೂ ಅವರು ಮರೆತಿರಲಿಲ್ಲ.

ಉಪಾಧ್ಯಾಯರು: ವರ್ತಕನಾದವನು ಸರಕಿಗೆ ಸಂಖ್ಯೆ ಹಾಕುವುದರಲ್ಲಿ ಆಶ್ಚರ್ಯವೇನಿದೆ? ಕಿರಾಣಿ ಅಂಗಡಿಯ ಖಾತೆಯಲ್ಲಿಯೂ ಸಂಖ್ಯೆಗಳಿರುತ್ತವೆ. ಅವುಗಳನ್ನು ಕುಲ, ವಂಶ, ಪೀಠ ಎಂಬ ದೊಡ್ಡ ಮಾತುಗಳಿಂದ ವರ್ಣಿಸತಕ್ಕಷ್ಟು ಗೌರವವು ಅವಕ್ಕೆ ಎಲ್ಲಿಂದ ಬಂತು?

ವರ್ತಕ: ಖಾತೆಯ ಸಂಖ್ಯೆಯು ವ್ಯಾಪಾರಿಯ ಬಳಿಯಲ್ಲಿಯೇ ಉಳಿಯುತ್ತದೆ, ಗುರುಗಳೇ, ಇಲ್ಲಿ ಅದು ಮಗುವಿನ ಕೈಗೆ ಹೋಯಿತು. ಟಕಾರಾ ಎಂಬ ಸಂಸ್ಥೆಯ ಕಥೆಯನ್ನು ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಅವರು ಅಮೆರಿಕದ ಹ್ಯಾಸ್‌ಬ್ರೋ ಸಂಸ್ಥೆಯಿಂದ ಜಿ. ಐ. ಜೋ ಎಂಬ ಸೈನಿಕಗೊಂಬೆಯನ್ನು ಮಾಡುವ ಅಧಿಕಾರವನ್ನು ಪಡೆದಿದ್ದರು. ಆ ಸೈನಿಕನ ದೇಹವನ್ನೇ ಪಾರದರ್ಶಕವಾದ ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಒಳಗಣ ಯಂತ್ರಾಂಗಗಳು ಹೊರಗೆ ಕಾಣುವಂತೆ ರಚಿಸಿ, 1972ರಲ್ಲಿ ಹೆನ್‌ಶಿನ್ ಸೈಬಾರ್ಗ್ ಎಂಬ ಹೊಸ ಹೆಸರಿನಿಂದ ಹೊರತಂದರು. 1974ರಲ್ಲಿ ಅದೇ ಕಲ್ಪನೆಯನ್ನು ಸುಮಾರು ಹತ್ತು ಸೆಂಟಿಮೀಟರು ಎತ್ತರಕ್ಕೆ ಇಳಿಸಿ ಮೈಕ್ರೋಮ್ಯಾನ್ ಎಂದು ಕರೆದರು. ಒಂದೇ ಅಚ್ಚಿನ ದೇಹವು ಬೇರೆ ಬೇರೆ ಬಣ್ಣಗಳಲ್ಲಿ ಬರುತ್ತಿತ್ತು. ಆದರೆ ಪ್ರತಿಯೊಂದು ಬಣ್ಣಕ್ಕೂ ಎಮ್ ಎಂಬ ಅಕ್ಷರದಿಂದ ಮೊದಲಾಗುವ ಒಂದು ಸಂಖ್ಯೆಯೂ ಒಬ್ಬ ವ್ಯಕ್ತಿಯ ಹೆಸರೂ ದೊರೆಯಿತು. ಅಚ್ಚು ಒಂದಾಗಿದ್ದರೂ ಮಗುವಿನ ಮನಸ್ಸಿಗೆ ಅವರು ಅಣ್ಣತಮ್ಮಂದಿರಂತೆ ಬೇರೆ ಬೇರೆಯವರಾದರು. ಇದೇ ಬಳಗವನ್ನು ಅಮೆರಿಕದ ಮೇಗೋ ಸಂಸ್ಥೆಯು 1976ರಲ್ಲಿ ಮೈಕ್ರೋನಾಟ್ಸ್ ಎಂಬ ಹೆಸರಿನಿಂದ ಮಾರಿತು. ತರುವಾಯ 1980ರಲ್ಲಿ ಟಕಾರಾ ಸಂಸ್ಥೆಯವರು ಡಯಾಕ್ಲೋನ್ ಎಂಬ ಇನ್ನೊಂದು ಸಾಲನ್ನು ತೆರೆದರು. ಅದರ ಕಾರುಗಳು ನಿಜವಾದ ಕಾರಿನ ಅರವತ್ತನೆಯ ಒಂದು ಪ್ರಮಾಣದವು, ಒಳಗೆ ಕೂಡುವುದಕ್ಕೆ ಕಿರುಬೆರಳಿಗಿಂತ ಸಣ್ಣವನಾದ ಚಾಲಕ. 1983ರಲ್ಲಿ ಮೈಕ್ರೋಮ್ಯಾನ್ ಬಳಗದೊಳಗೇ ಮೈಕ್ರೋ ಚೇಂಜ್ ಎಂಬ ಉಪಶಾಖೆಯು ಹುಟ್ಟಿತು. ಅದರಲ್ಲಿ ಕ್ಯಾಸೆಟ್ಟಿನ ಪೆಟ್ಟಿಗೆ, ಪಿಸ್ತೂಲು, ಸೂಕ್ಷ್ಮದರ್ಶಕ ಮುಂತಾದ ಮನೆಯ ವಸ್ತುಗಳೇ ಯಂತ್ರಮಾನವರಾಗುತ್ತಿದ್ದುವು. ಹೆಸರಿನೊಳಗೆ ಹೆಸರು, ಸಾಲಿನೊಳಗೆ ಸಾಲು. ಮೂವತ್ತೆರಡು ಸಾವಿರದೊಳಗೆ ಐನೂರು ಅಡಕವಾಗಿರುವ ತಮ್ಮ ಶಾಸನಗಳ ಕ್ರಮವನ್ನು ನಾನು ಅಲ್ಲಿ ಕಂಡೆ.

ಉಪಾಧ್ಯಾಯರು: ಕ್ರಮವಿದೆಯೆಂದು ಒಪ್ಪಿದೆ. ಆದರೆ ನಾನು ಕೇಳಿರುವ ಮಟ್ಟಿಗೆ ಈ ಗೊಂಬೆಗಳು ಲೋಕಪ್ರಸಿದ್ಧವಾದುದು ನೀನು ಹೇಳಿದ ಹೆಸರುಗಳಾವುದರಿಂದಲೂ ಅಲ್ಲ. ನಿನ್ನ ಅಂಗಡಿಗೆ ಬರುವ ಹುಡುಗರು ಡಯಾಕ್ಲೋನ್ ಬೇಕೆಂದು ಕೇಳುವುದಿಲ್ಲವಷ್ಟೆ?

ವರ್ತಕ: ಕೇಳುವುದಿಲ್ಲ. ಅವರು ಕೇಳುವುದು ಟ್ರಾನ್ಸ್‌ಫಾರ್ಮರ್ಸ್ ಎಂದು. ಹ್ಯಾಸ್‌ಬ್ರೋ ಸಂಸ್ಥೆಯವರು ಜಪಾನಿನಲ್ಲಿ ಈ ಗೊಂಬೆಗಳನ್ನು ಕಂಡು, ಡಯಾಕ್ಲೋನ್ ಮತ್ತು ಮೈಕ್ರೋ ಚೇಂಜ್ ಎಂಬ, ಅಳತೆಯಲ್ಲಿಯೂ ಕಥೆಯಲ್ಲಿಯೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಲುಗಳಿಂದ ತಮಗೆ ಬೇಕಾದುವನ್ನು ಆರಿಸಿಕೊಂಡು, ಬೇರೆ ಜಪಾನೀ ತಯಾರಕರ ಕೆಲವು ಗೊಂಬೆಗಳನ್ನೂ ಸೇರಿಸಿಕೊಂಡು, 1984ರಲ್ಲಿ ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ಮಾರಲಾರಂಭಿಸಿದರು. ಬ್ಯಾಟಲ್ ಕಾನ್ವಾಯ್ ಎಂಬ ಲಾರಿಯು ಆಪ್ಟಿಮಸ್ ಪ್ರೈಮ್ ಎಂಬ ನಾಯಕನಾಯಿತು. ಪಿಸ್ತೂಲು ಮೆಗಾಟ್ರಾನ್ ಎಂಬ ಪ್ರತಿನಾಯಕನಾಯಿತು. ಕ್ಯಾಸೆಟ್ಟಿನ ಪೆಟ್ಟಿಗೆಯು ಸೌಂಡ್‌ವೇವ್ ಆಯಿತು. ಈ ನಾಮಕರಣವು ನಡೆದುದು ಕಾರ್ಖಾನೆಯಲ್ಲಲ್ಲ, ಮಾರ್ವೆಲ್ ಎಂಬ ಚಿತ್ರಕಥಾಪ್ರಕಾಶನದ ಕಚೇರಿಯಲ್ಲಿ. ಆಪ್ಟಿಮಸ್ ಪ್ರೈಮ್ ಎಂಬ ಹೆಸರನ್ನು ಕೊಟ್ಟವರು ಡೆನಿಸ್ ಓನೀಲ್. ಮಿಕ್ಕ ಬಹುಸಂಖ್ಯೆಯ ಹೆಸರುಗಳನ್ನೂ ಸ್ವಭಾವಗಳನ್ನೂ ಬರೆದವರು ಬಾಬ್ ಬುಡಿಯಾನ್‌ಸ್ಕಿ. ಪೆಟ್ಟಿಗೆಯ ಹಿಂಭಾಗದಲ್ಲಿ ಪ್ರತಿಯೊಬ್ಬನಿಗೂ ಒಂದು ಜಾತಕವನ್ನೇ ಮುದ್ರಿಸಿದರು: ಬಲ, ಬುದ್ಧಿ, ವೇಗ, ತಾಳ್ಮೆ, ಪದವಿ, ಧೈರ್ಯ, ಅಸ್ತ್ರಶಕ್ತಿ, ಕೌಶಲ ಎಂಬ ಎಂಟು ಗುಣಗಳಿಗೆ ಒಂದರಿಂದ ಹತ್ತರವರೆಗಿನ ಅಂಕಗಳು, ಅವುಗಳನ್ನು ನೇರವಾಗಿ ಓದಲು ಬಾರದಂತೆ ರೇಖೆಗಳ ಗೋಜಲಿನಲ್ಲಿ ಮರೆಸಿ, ಪೆಟ್ಟಿಗೆಯೊಳಗಿಟ್ಟ ಕೆಂಪು ಹಾಳೆಯ ಮೂಲಕ ನೋಡಿದರೆ ಮಾತ್ರ ಗೋಚರಿಸುವಂತೆ ಮಾಡಿದ್ದರು. ಆ ಭಾಗವನ್ನು ಕತ್ತರಿಸಿ ಕೂಡಿಟ್ಟುಕೊಂಡ ಮಕ್ಕಳು ಅನೇಕರು. ಗೊಂಬೆಯು ಮುರಿದುಹೋದ ಮೇಲೂ ಅದರ ಚರಿತ್ರೆಯು ಉಳಿಯುತ್ತಿತ್ತು.

ಉಪಾಧ್ಯಾಯರು: ನೀನು ಹೇಳಿದ ಆ ಚಾಲಕನ ಗತಿಯೇನಾಯಿತು? ಹಿಂದಿನ ಕಥೆಯಲ್ಲಿ ವಾಹನದೊಳಗೆ ಕುಳಿತು ನಡೆಸುತ್ತಿದ್ದವನಲ್ಲವೆ?

ವರ್ತಕ: ಅಲ್ಲಿಯೇ ಈ ವೃತ್ತಾಂತದ ಮರ್ಮವಿದೆ. ಜಪಾನಿನ ಕಥೆಯಲ್ಲಿ ಯಂತ್ರವು ಜಡ, ಅದನ್ನು ನಡೆಸುವ ಮನುಷ್ಯನೇ ಚೇತನ. ಅಮೆರಿಕದ ಕಥೆಯಲ್ಲಿ ಯಂತ್ರಕ್ಕೇ ಜೀವ ಬಂದುದರಿಂದ ಚಾಲಕನಿಗೆ ಕೆಲಸವೇ ಇಲ್ಲವಾಯಿತು. ಅಚ್ಚನ್ನು ಬದಲಾಯಿಸಲಿಲ್ಲ, ಪೆಟ್ಟಿಗೆಯಲ್ಲಿ ಚಾಲಕನನ್ನು ಇಡುವುದನ್ನು ಬಿಟ್ಟರು, ಅಷ್ಟೆ. ಆದ್ದರಿಂದ 1984ರ ಆ ಕಾರುಗಳ ಬಾಗಿಲನ್ನು ತೆರೆದು ನೋಡಿದರೆ, ಆ ಸಣ್ಣ ಮನುಷ್ಯನಿಗಾಗಿ ಮಾಡಿದ್ದ ಆಸನವು ಹಾಗೆಯೇ ಇದೆ. ಮಗುವಿಗೆ ಅದೇಕೆ ಅಲ್ಲಿದೆಯೆಂದು ತಿಳಿಯದು. ಡಯಾಕ್ಲೋನಿನ ಪಟ್ಟಿಯನ್ನು ಓದಿದವನಿಗೆ ಮಾತ್ರ ತಿಳಿಯುತ್ತದೆ.

ಉಪಾಧ್ಯಾಯರು: ಇದು ನನಗೆ ಹೊಸದಾಗಿ ಕಂಡರೂ ಅಪರಿಚಿತವಲ್ಲ. ಒಂದು ಕಾಲದಲ್ಲಿ ಒಂದು ಮತದವರು ಕಟ್ಟಿಸಿದ ಗುಡಿಯು ಇನ್ನೊಂದು ಕಾಲದಲ್ಲಿ ಬೇರೆ ದೇವರ ನೆಲೆಯಾಗಿ, ಪೂಜೆಯ ಕ್ರಮವೂ ಊರಿನವರು ಹೇಳುವ ಐತಿಹ್ಯವೂ ಸಂಪೂರ್ಣವಾಗಿ ಬದಲಾದ ಮೇಲೆಯೂ, ಬಾಗಿಲವಾಡದ ಮೇಲಣ ಬಿಂಬವೋ ಕಂಬದ ಬುಡದ ಅಕ್ಷರವೋ ಪೂರ್ವವೃತ್ತಾಂತವನ್ನು ಹೇಳುತ್ತ ನಿಂತಿರುವುದನ್ನು ಈ ಸೀಮೆಯಲ್ಲಿ ಎಷ್ಟೋ ಕಡೆ ನೋಡಿದ್ದೇನೆ. ವಸ್ತುವು ತನ್ನ ಹಿಂದಣ ಬಾಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದನ್ನು ಓದಬಲ್ಲವನಿಗೆ ಬೇಕಾದುದು ಲಿಖಿತವಾದ ಒಂದು ಆಧಾರ. ಬಾಗಳಿಯ ಕಲ್ಲೇಶ್ವರನ ಗುಡಿಯಲ್ಲಿ ಅಷ್ಟೊಂದು ಶಾಸನಗಳು ಇಲ್ಲದಿದ್ದರೆ, ಆ ಕಂಬಗಳ ಚೆಲುವನ್ನು ಹೊಗಳಬಹುದಾಗಿತ್ತೇ ಹೊರತು, ಯಾರ ಕಾಲದಲ್ಲಿ ಯಾರು ಏನನ್ನು ಕೊಟ್ಟರೆಂದು ಹೇಳುವುದು ಸಾಧ್ಯವಿರಲಿಲ್ಲ.

ವರ್ತಕ: ಜಪಾನಿನವರಿಗೂ ತಮ್ಮ ಗೊಂಬೆಯು ಹೊಸ ಹೆಸರಿನಿಂದ ಹಿಂದಿರುಗಿ ಬಂದಿತು, ಗುರುಗಳೇ. 1985ರಲ್ಲಿ ಟಕಾರಾ ಸಂಸ್ಥೆಯವರು ತಾವೇ ನಿರ್ಮಿಸಿದ ಗೊಂಬೆಗಳನ್ನು ಅಮೆರಿಕದ ಕಥೆಯೊಡನೆ ಸ್ವದೇಶದಲ್ಲಿ ಮತ್ತೆ ಮಾರಲಾರಂಭಿಸಿ, ಎಲ್ಲಕ್ಕೂ ಹೊಸ ಸಂಖ್ಯೆಗಳನ್ನು ಹಾಕಿದರು. ನಾಯಕನು ಅಲ್ಲಿ ಆಪ್ಟಿಮಸ್ ಪ್ರೈಮ್ ಅಲ್ಲ, ಕಾನ್ವಾಯ್. ಅವನ ಸಂಖ್ಯೆ 01. ಪ್ರತಿಪಕ್ಷದ ಮೆಗಾಟ್ರಾನನಿಗೆ 16 ಎಂಬ ಸ್ಥಾನವು ಬಂತು. ಸುಮಾರು ನಾಲ್ಕು ದಶಕಗಳ ತರುವಾಯ, 2024ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ಸ್ ಒನ್ ಎಂಬ ಚಲಚ್ಚಿತ್ರದಲ್ಲಿ, ಮೆಗಾಟ್ರಾನ್ ಎಂಬ ಹೆಸರನ್ನು ಪಡೆಯುವ ಮೊದಲು ಗಣಿಯಲ್ಲಿ ದುಡಿಯುತ್ತಿದ್ದ ಆ ಪಾತ್ರಕ್ಕೆ ಡಿ-16 ಎಂದೇ ಹೆಸರಿಟ್ಟರು. ಅಂಗಡಿಯ ಪಟ್ಟಿಯ ಅಂಕಿಯೊಂದು ಕಥಾಪಾತ್ರದ ಜನ್ಮನಾಮವಾಯಿತು. ಪಟ್ಟಿಯನ್ನು ಯಾರೂ ಕಾಪಾಡದಿದ್ದರೆ ಇಂಥದೊಂದು ಆಗುತ್ತಿತ್ತೆ? ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಬಾಂಡಾಯ್ ಸಂಸ್ಥೆಯ ಮಷೀನ್ ರೋಬೋ ಎಂಬ ಸಾಲು 1982ರಲ್ಲಿ ಹುಟ್ಟಿತು. ಒಂದೊಂದು ಗೊಂಬೆಗೆ 600 ಯೆನ್ ಬೆಲೆಯಿದ್ದುದರಿಂದ ಅದನ್ನು 600 ಸರಣಿಯೆಂದೂ ಕರೆದರು. ಅವುಗಳನ್ನು ಅಮೆರಿಕದ ಟೊಂಕಾ ಸಂಸ್ಥೆಯು ಗೋಬಾಟ್ಸ್ ಎಂಬ ಹೆಸರಿನಿಂದ ಮಾರಿತು. ಟ್ರಾನ್ಸ್‌ಫಾರ್ಮರ್ಸ್ ಬಳಗದೊಡನೆ ಸ್ಪರ್ಧಿಸಲಾರದೆ ಆ ಹೆಸರು ಹಿಂದೆ ಬಿದ್ದಿತು. ಕಡೆಗೆ 1991ರಲ್ಲಿ ಟೊಂಕಾ ಸಂಸ್ಥೆಯೇ ಹ್ಯಾಸ್‌ಬ್ರೋವಿನ ವಶವಾಯಿತು. ಆದರೂ ಸಂಖ್ಯೆಗಳೂ ಪಟ್ಟಿಗಳೂ ಉಳಿದಿರುವುದರಿಂದ, ಯಾವ ಗೊಂಬೆಯು ಯಾವ ಹೆಸರುಗಳನ್ನು ಹೊತ್ತು ಬಂದಿತೆಂಬುದನ್ನು ಇಂದಿಗೂ ನಿಸ್ಸಂದೇಹವಾಗಿ ಹೇಳಬಹುದು.

ಉಪಾಧ್ಯಾಯರು: ನಿನ್ನ ಮಾತಿನ ಗುರಿಯು ಈಗ ನನಗೆ ಕಾಣುತ್ತಿದೆ, ನಮ್ಮ ಗೊಂಬೆಗಳಿಗೆ ಅಂಥ ಪಟ್ಟಿಯಿಲ್ಲವೆಂದು ನೀನು ಹೇಳಹೊರಟಿರುವೆ. ಆದರೆ ಪಟ್ಟಿಯಿಲ್ಲವೆಂಬುದು ಸರಿಯಲ್ಲ. ನಮ್ಮಲ್ಲಿ ಗೊಂಬೆಗಳ ಪಟ್ಟಿಯೆಂದರೆ ಪಂಚಾಂಗವೇ. ಜ್ಯೇಷ್ಠದ ಅಮಾವಾಸ್ಯೆ ಬಂದಿತೆಂದರೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ಮನೆಮನೆಯಲ್ಲಿಯೂ ಮಣ್ಣೆತ್ತುಗಳಾಗಬೇಕು. ಭಾದ್ರಪದದಲ್ಲಿ ಬುಟ್ಟಿಯೊಳಗೆ ಕುಳಿತ ಜೋಕುಮಾರನು ಮನೆಗಳ ಮುಂದೆ ಬರಬೇಕು. ಕಾರ್ತಿಕದ ಗೌರಿಹುಣ್ಣಿಮೆಗೆ, ಮರದ ಅಚ್ಚುಗಳಲ್ಲಿ ಪಾಕವೆರೆದು ತೆಗೆದ ಆನೆ, ಕುದುರೆ, ತೇರು, ಗೋಪುರಗಳ ಸಕ್ಕರೆ ಆರತಿಯನ್ನು ಹೆಣ್ಣುಮಕ್ಕಳು ತಟ್ಟೆಯಲ್ಲಿಟ್ಟು ಬೆಳಗಬೇಕು. ಫಾಲ್ಗುಣದ ಹುಣ್ಣಿಮೆಗೆ ಕಾಮನೂ ರತಿಯೂ ಕೂಡಬೇಕು. ಯಾವ ಗೊಂಬೆಯ ತರುವಾಯ ಯಾವುದು ಎಂಬುದನ್ನು ಅಕ್ಷರವರಿಯದ ಮುದುಕಿಯೂ ತಪ್ಪಿಲ್ಲದೆ ಹೇಳಬಲ್ಲಳು. ವರ್ಷವೇ ಇದರ ಸೂಚಿಯಾಗಿರುವಾಗ ಜಿಎ-01 ಎಂಬಂಥ ಅಂಕಿತದಿಂದ ನಮಗಾಗಬೇಕಾದುದೇನು? ಜೋಕುಮಾರನಿಗೆ ಸಂಖ್ಯೆಯೊಂದನ್ನು ಹಚ್ಚಿದರೆ ಅವನು ಹೆಚ್ಚಿನವನಾಗುವನೆ?

ವರ್ತಕ: ಆಗುವುದಿಲ್ಲ. ಹಬ್ಬದೊಡನೆ ಹುಟ್ಟಿ ಹಬ್ಬದೊಡನೆ ಮಣ್ಣಾಗುವುದಕ್ಕೆ ಹಬ್ಬವೇ ದಾಖಲೆ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಕಿನ್ನಾಳದ ಮಾತು ಬೇರೆ. ತುಂಗಭದ್ರೆಯನ್ನು ದಾಟಿ ಕೊಪ್ಪಳದ ಕಡೆಗೆ ಹೋದರೆ ಸಿಕ್ಕುವ ಆ ಊರಿನ ಚಿತ್ರಗಾರರು, ಹಗುರವಾದ ಮರವನ್ನು ಕೆತ್ತಿ, ತುಂಡುಗಳನ್ನು ಕೂಡಿಸಿ, ಚಿಂದಿ, ಮರದ ಪುಡಿ ಮತ್ತು ಹುಣಸೆಬೀಜದ ಅಂಟು ಸೇರಿಸಿದ ಕಣಕದಿಂದ ಸಂದುಗಳನ್ನು ತುಂಬಿ, ಮೇಲೆ ಲೇಪವನ್ನು ಬಳಿದು, ಒಣಗಿದ ಮೇಲೆ ಬಣ್ಣವನ್ನೂ ಹೊಳಪಿನ ರೇಕನ್ನೂ ಏರಿಸುತ್ತಾರೆ. ಹಂಪೆಯ ವಿರೂಪಾಕ್ಷನ ರಂಗಮಂಟಪದ ಮೇಲ್ಛಾವಣಿಯ ಚಿತ್ರಗಳು ತಮ್ಮ ಪೂರ್ವಿಕರ ಕೈಯವೆಂದು ಅವರ ಮನೆತನಗಳಲ್ಲಿ ಹೇಳಿಕೆಯಿದೆ. ಅವರ ಗರುಡನೂ ದಶಾವತಾರಗಳೂ ಪಶುಪಕ್ಷಿಗಳೂ ಒಂದು ಹಬ್ಬಕ್ಕೆಂದು ಮಾಡಿ ಬಿಡತಕ್ಕವಲ್ಲ; ತಲೆಮಾರುಗಳ ಕಾಲ ಮನೆಯಲ್ಲಿ ನಿಲ್ಲತಕ್ಕವು. ಆದರೆ ಅಂಥ ಒಂದು ಗರುಡನನ್ನು ಕೈಯಲ್ಲಿ ಹಿಡಿದು, ಇದನ್ನು ಮಾಡಿದವರು ಯಾರು, ಯಾವ ವರ್ಷದ್ದು, ಈ ರೂಪವು ಈ ಮನೆತನದಲ್ಲಿ ಎಂದಿನಿಂದ ನಡೆದುಬಂದಿದೆ, ಇದೇ ಗರುಡನ ಎಷ್ಟು ಭೇದಗಳಿವೆ ಎಂದು ಕೇಳಿದರೆ, ಆ ಗೊಂಬೆಯ ಮೇಲೆ ಉತ್ತರವಾವುದೂ ಬರೆದಿಲ್ಲ. ಪಂಚಾಂಗವು ಜಾತಿಯನ್ನು ಹೇಳೀತು, ವ್ಯಕ್ತಿಯನ್ನು ಹೇಳದು. ಟೋಕಿಯೋದ ಅಂಗಡಿಯಲ್ಲಿ ಮಾರಿದ 600 ಯೆನ್‌ಗಳ ಗೊಂಬೆಯ ಚರಿತ್ರೆಯನ್ನು ನಾನು ಕೊಟ್ಟೂರಿನಲ್ಲಿ ಕುಳಿತು ಹೇಳಬಲ್ಲೆ. ಹೊಳೆಯ ಆಚೆಯ ದಡದಲ್ಲಿ ಕೆತ್ತಿದ ಗೊಂಬೆಯ ಚರಿತ್ರೆಯನ್ನು ಹೇಳಲಾರೆ. ಇದು ನನ್ನನ್ನು ಬಹಳವಾಗಿ ನೋಯಿಸುತ್ತದೆ.

ಉಪಾಧ್ಯಾಯರು: ನಿನ್ನ ನೋವು ನ್ಯಾಯವಾದುದು. ಆದರೂ ನನಗೊಂದು ಭಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಜಪಾನಿನ ಆ ಸಂಖ್ಯೆಗಳು ನೆನಪನ್ನು ಉಳಿಸಿದುವೆಂದೆ; ಅವು ಆಶೆಯನ್ನು ಹುಟ್ಟಿಸಲಿಲ್ಲವೆ? ಒಂದರಿಂದ ಹದಿನಾರರವರೆಗೆ ಅಂಕಿಗಳನ್ನು ಮುದ್ರಿಸಿ, ಅವುಗಳಲ್ಲಿ ಐದನ್ನು ಮಗುವಿನ ಕೈಗೆ ಕೊಟ್ಟರೆ, ಉಳಿದ ಹನ್ನೊಂದು ಇಲ್ಲವೆಂಬ ಕೊರಗನ್ನೂ ಅದರೊಡನೆಯೇ ಕೊಟ್ಟಂತಾಯಿತು. ಕೈಯಲ್ಲಿರುವುದರ ಸಂತೋಷಕ್ಕಿಂತ ಇಲ್ಲದುದರ ಎಣಿಕೆಯೇ ದೊಡ್ಡದಾಗುತ್ತದೆ. ಅಷ್ಟೇ ಅಲ್ಲ, ಪಟ್ಟಿಯು ಕುಶಲಕರ್ಮಿಯ ಕೈಯನ್ನೂ ಕಟ್ಟಬಹುದು. ಇಂತಿಂಥ ಸಂಖ್ಯೆಯ ಗರುಡನ ರೆಕ್ಕೆಯು ಇಂತಿಷ್ಟೇ ಅಂಗುಲವೆಂದು ಒಮ್ಮೆ ಬರೆದಿಟ್ಟರೆ, ನಾಳೆ ಅವನಿಗೆ ಇನ್ನೊಂದು ಬಗೆಯ ರೆಕ್ಕೆಯು ಸ್ಫುರಿಸಿದಾಗ ಕೊಳ್ಳುವವನು ಅದನ್ನು ತಪ್ಪೆಂದು ತಿರಸ್ಕರಿಸಿಯಾನು.

ವರ್ತಕ: ಎರಡನ್ನೂ ಒಪ್ಪುತ್ತೇನೆ. ಎಲ್ಲವನ್ನೂ ಕೂಡಿಹಾಕಬೇಕೆಂಬ ಹಂಬಲವನ್ನು ಮಕ್ಕಳ ಮನಸ್ಸಿನಲ್ಲಿ ಬಿತ್ತುವುದು ಆ ಸಂಸ್ಥೆಗಳ ವ್ಯಾಪಾರನೀತಿಯ ಒಂದು ಭಾಗವೇ ಆಗಿತ್ತು. ಪೆಟ್ಟಿಗೆಯ ಮೇಲಣ ಗುರುತುಗಳನ್ನು ಕತ್ತರಿಸಿ ಅಂಚೆಯಲ್ಲಿ ಕಳುಹಿಸಿದರೆ ಬೇರೊಂದು ಗೊಂಬೆಯನ್ನು ತರಿಸಿಕೊಳ್ಳುವ ಅವಕಾಶವನ್ನೂ ಹ್ಯಾಸ್‌ಬ್ರೋ ಸಂಸ್ಥೆಯವರು ಇಟ್ಟಿದ್ದರು. ಮಾಡುವುದಕ್ಕಿಂತ ಮುಂಚೆಯೇ ಹಾಕಿದ ಸಂಖ್ಯೆಯು ಗೊಂಬೆಯನ್ನು ಆಳುತ್ತದೆ. ಮಾಡಿದ ಮೇಲೆ ಬರೆದ ಸಂಖ್ಯೆಯು ಅದಕ್ಕೆ ಸಾಕ್ಷಿಯಾಗುತ್ತದೆ. ನನಗೆ ಬೇಕಾದುದು ಎರಡನೆಯದು.

ಉಪಾಧ್ಯಾಯರು: ಹಾಗಾದರೆ ಸರ್ಕಾರವು ಕಿನ್ನಾಳದ ಗೊಂಬೆಗಳಿಗೆ ಕೊಟ್ಟಿರುವ ಭೌಗೋಳಿಕ ಸೂಚಿಕೆಯು ಆ ಕೆಲಸವನ್ನು ಮಾಡುವುದಿಲ್ಲವೆ? ನಮ್ಮ ಹಡಗಲಿಯ ಮಲ್ಲಿಗೆಗೂ ಅದು ದೊರೆತಿದೆಯಷ್ಟೆ.

ವರ್ತಕ: ಅರ್ಧ ಕೆಲಸವನ್ನು ಮಾಡುತ್ತದೆ. 1999ರಲ್ಲಿ ಆ ಕಾಯಿದೆಯಾಗಿ 2003ರಲ್ಲಿ ಜಾರಿಗೆ ಬಂದಿತು. ಅದರ ನೋಂದಣಿಯ ಕಚೇರಿ ಚೆನ್ನೈಯಲ್ಲಿದೆ. ಆಟಿಕೆಗಳೆಲ್ಲ ಅಲ್ಲಿ 28ನೆಯ ವರ್ಗಕ್ಕೆ ಸೇರುತ್ತವೆ. ಚನ್ನಪಟ್ಟಣದ ಗೊಂಬೆಗಳು 2005–06ನೆಯ ಸಾಲಿನಲ್ಲಿ ನೋಂದಣಿಯಾದುವು. ಕಿನ್ನಾಳದವು ತರುವಾಯ ಆದುವು. ಜಪಾನಿನ ಕ್ರಮಕ್ಕೂ ಇದಕ್ಕೂ ಒಂದು ದೊಡ್ಡ ಭೇದವುಂಟು, ಮತ್ತು ಅದರಲ್ಲಿ ನಮ್ಮ ಕ್ರಮವೇ ಮೇಲಾದುದು. ಡಯಾಕ್ಲೋನಿನ ಗೊಂಬೆಗಳು ಸಾಗರದಾಚೆಗೆ ಹೋಗಿ ತಮ್ಮ ಹೆಸರನ್ನೇ ಕಳೆದುಕೊಂಡುವು. ಕಿನ್ನಾಳವೆಂಬ ಹೆಸರನ್ನಾದರೋ ಯಾರೂ ಮಾರಲಾರರು, ಒತ್ತೆಯಿಡಲಾರರು, ಕಾಯಿದೆಯೇ ಅದನ್ನು ನಿಷೇಧಿಸಿದೆ. ಅದು ಊರಿನ ಸೊತ್ತು. ಆಟಿಕೆಗಳ ಗುಣನಿಯಂತ್ರಣದ ಆಜ್ಞೆಯು 2021ರ ಜನವರಿ 1ರಿಂದ ಜಾರಿಗೆ ಬಂದು, ದೇಶದಲ್ಲಿ ಮಾರತಕ್ಕ ಆಟಿಕೆಗಳಿಗೆ ಐಎಸ್‌ಐ ಮುದ್ರೆಯು ಕಡ್ಡಾಯವಾದಾಗಲೂ, ಹೀಗೆ ನೋಂದಣಿಯಾದ ಊರುಗಳ ಗೊಂಬೆಗಳಿಗೆ ವಿನಾಯಿತಿಯು ದೊರೆಯಿತು. ಇಷ್ಟು ರಕ್ಷಣೆಯಿದ್ದರೂ, ಆ ನೋಂದಣಿಯು ಊರಿನ ಹೆಸರನ್ನು ಕಾಯುತ್ತದೆಯೇ ಹೊರತು ಒಂದೊಂದು ಗೊಂಬೆಯ ವೃತ್ತಾಂತವನ್ನು ಹೇಳುವುದಿಲ್ಲ. ಕಾಯಿದೆಯ ದಫ್ತರದಲ್ಲಿ ಎರಡು ಭಾಗಗಳಿವೆ: ಮೊದಲನೆಯದರಲ್ಲಿ ವಸ್ತುವಿನ ಮತ್ತು ಪ್ರದೇಶದ ಹೆಸರು, ಎರಡನೆಯದರಲ್ಲಿ ಆ ಹೆಸರನ್ನು ಬಳಸುವ ಅಧಿಕಾರವುಳ್ಳವರ ಹೆಸರುಗಳು. ಆ ಎರಡನೆಯ ಭಾಗವೇ ನನಗೆ ಮುಖ್ಯವಾಗಿ ಕಾಣುತ್ತದೆ. ಏಕೆಂದರೆ ಕೈಯ ಹೆಸರನ್ನು ಬರೆಯುವುದಕ್ಕೆ ಶಾಸನಬದ್ಧವಾದ ಸ್ಥಳವು ಅಲ್ಲಿದೆ.

ಉಪಾಧ್ಯಾಯರು: ಕೈಯ ಹೆಸರೆಂದೆಯಲ್ಲ, ಅದನ್ನು ಹಿಡಿದುಕೊಳ್ಳೋಣ. ನೀನು ಹೊಗಳಿದ ಜಪಾನಿನ ಪೆಟ್ಟಿಗೆಗಳ ಮೇಲೆ, ಆ ರೂಪಾಂತರದ ಚಮತ್ಕಾರವನ್ನು ಕಂಡುಹಿಡಿದ ಶಿಲ್ಪಿಯ ಹೆಸರು ಇರುತ್ತಿತ್ತೆ?

ವರ್ತಕ: ಇರುತ್ತಿರಲಿಲ್ಲ. ಸಂಸ್ಥೆಯ ಹೆಸರಿರುತ್ತಿತ್ತು, ವರ್ಷವಿರುತ್ತಿತ್ತು, ಸಂಖ್ಯೆಯಿರುತ್ತಿತ್ತು. ಓನೋ ಕೋಜಿನ್, ಯೋಕೆ ಹಿದೆಯಾಕಿ, ಕವಾಮೊರಿ ಶೋಜಿ ಎಂಬ ವಿನ್ಯಾಸಕರು ಆ ಗೊಂಬೆಗಳ ಹಿಂದಿದ್ದರೆಂಬುದನ್ನು ಗೊಂಬೆಪ್ರೇಮಿಗಳು ಬಹುಕಾಲದ ಮೇಲೆ ಶ್ರಮಪಟ್ಟು ತಿಳಿದುಕೊಳ್ಳಬೇಕಾಯಿತು.

ಉಪಾಧ್ಯಾಯರು: ಹಾಗಿದ್ದರೆ ಪೂರ್ಣವಾದ ಆದರ್ಶವು ಅಲ್ಲಿಯೂ ಇಲ್ಲ. ಅದನ್ನು ನಾವು ಬೇಲೂರಿನಲ್ಲಿ ಹುಡುಕಬೇಕು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಯ ದೇವಾಲಯದ ಮದನಿಕೆಯರನ್ನು ಕಡೆದ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನೂ ಊರನ್ನೂ ಬಿರುದುಗಳನ್ನೂ ವಿಗ್ರಹದ ಪೀಠದಲ್ಲಿ ಕೆತ್ತಿದರು. ಕಟ್ಟಿಸಿದವನು ಚಕ್ರವರ್ತಿ ಸಮಾನನಾದ ವಿಷ್ಣುವರ್ಧನ. ಆದರೂ ಕಡೆದವನ ಹೆಸರಿಗೆ ಅಲ್ಲಿ ಸ್ಥಳವು ದೊರೆಯಿತು. ಸುಮಾರು ಒಂಬೈನೂರು ವರ್ಷಗಳ ಮೇಲೆ ನಾವು ಇದು ದಾಸೋಜನ ಕೈ, ಇದು ಚಾವಣನ ಕೈ ಎಂದು ಬೆರಳು ತೋರಿಸಿ ಹೇಳಬಲ್ಲೆವು. ಚನ್ನಪಟ್ಟಣದಲ್ಲಿಯೂ ಈ ಭಾಗ್ಯವು ಸ್ವಲ್ಪಮಟ್ಟಿಗೆ ಉಂಟಲ್ಲವೆ?

ವರ್ತಕ: ಉಂಟು. ಬಾವಾಸ್ ಮಿಯಾ ಎಂಬವರು ಜಪಾನಿನ ಗೊಂಬೆಗಾರಿಕೆಯ ವಿಧಾನಗಳನ್ನು ತಂದು ಅಲ್ಲಿಯ ಅರಗಿನ ಬಣ್ಣದ ಕೆಲಸವನ್ನು ತಿದ್ದಿದರೆಂದು ಆ ಊರಿನವರು ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಅಲ್ಲಿಯ ಉಳಿದ ನೂರಾರು ಕೈಗಳಿಗೆ ಆ ಸ್ಮರಣೆಯಿಲ್ಲ.

ಉಪಾಧ್ಯಾಯರು: ಈಗ ನಮ್ಮ ಮುಂದೆ ಮೂರು ಬಗೆಗಳು ನಿಂತಿವೆ, ತಮ್ಮಾ. ಬೇಲೂರಿನವರು ಕೈಯನ್ನು ಬರೆದರು; ಜಪಾನಿನವರು ಸಾಲನ್ನೂ ಸಂಖ್ಯೆಯನ್ನೂ ವರ್ಷವನ್ನೂ ಬರೆದರು; ನಮ್ಮ ಇಂದಿನ ಕಾಯಿದೆಯು ಊರನ್ನು ಬರೆದಿದೆ. ಒಂದೊಂದೂ ತನ್ನಷ್ಟಕ್ಕೆ ಅಪೂರ್ಣ. ಊರು, ಸಾಲು, ಸಂಖ್ಯೆ, ವರ್ಷ, ಕೈ ಎಂಬ ಐದೂ ಒಂದೆಡೆಯಲ್ಲಿ ಕೂಡಿದರೆ ಮಾತ್ರ ಅದನ್ನು ಗೊಂಬೆಯ ಶಾಸನವೆನ್ನಬಹುದು. ಅದರಲ್ಲಿ ಇನ್ನೂ ಒಂದನ್ನು ನಾನು ಸೇರಿಸುತ್ತೇನೆ: ಆ ಗೊಂಬೆಯು ಯಾವ ಹಬ್ಬಕ್ಕೆ, ಯಾವ ಆಚರಣೆಗೆ, ಯಾರ ಮನೆಗೆ ಸಲ್ಲುತ್ತಿತ್ತೆಂಬುದು. ನೀನು ಹೇಳಿದ ಅಮೆರಿಕದ ಜಾತಕದಲ್ಲಿ ಬಲಕ್ಕೂ ವೇಗಕ್ಕೂ ಅಂಕಗಳಿದ್ದುವು. ನಮ್ಮ ಗೊಂಬೆಗೆ ಅಂಥ ಅಂಕಗಳು ಬೇಕಿಲ್ಲ, ಅದರ ಋತುವನ್ನು ಬರೆದರೆ ಸಾಕು. ಪಂಚಾಂಗವನ್ನು ಪಟ್ಟಿಯು ಅಳಿಸಬಾರದು, ಒಳಗೊಳ್ಳಬೇಕು.

ವರ್ತಕ: ಇದನ್ನು ಮಾಡಲು ಕಾಲವು ಬಹಳವಿಲ್ಲವೆಂದು ನನಗನ್ನಿಸುತ್ತದೆ. ಅದೇ ಕೊಪ್ಪಳ ಜಿಲ್ಲೆಯ ಭಾನಾಪುರದ ಬಳಿ ಆಟಿಕೆಗಳ ತಯಾರಿಕೆಗಾಗಿಯೇ ಒಂದು ದೊಡ್ಡ ಕೈಗಾರಿಕಾ ಸಮುಚ್ಚಯಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಅದರಿಂದ ಉದ್ಯೋಗವು ದೊರೆಯುವುದಾದರೆ ನಾನು ಸಂತೋಷಪಡುವವನೇ. ಅಂಥ ಕಾರ್ಖಾನೆಯಿಂದ ಹೊರಡುವ ಪ್ರತಿಯೊಂದು ಆಟಿಕೆಗೂ ಅಚ್ಚಿನ ಸಂಖ್ಯೆ, ದಿನಾಂಕ, ಪಟ್ಟಿಯಲ್ಲೊಂದು ಸ್ಥಾನ ತಾವಾಗಿಯೇ ಬರುತ್ತವೆ. ಅದೇ ಜಿಲ್ಲೆಯ ಕಿನ್ನಾಳದಲ್ಲಿ, ಅದಕ್ಕಿಂತ ಎಷ್ಟೋ ಪಾಲು ಹಳೆಯದಾದ ಕಸುಬಿನ ಗೊಂಬೆಯು ಗುರುತಿಲ್ಲದೆ ಹೊರಡಬಾರದು. ಪಟ್ಟಿಯಿಲ್ಲದ್ದು ಇಂದಿನ ಲೋಕದಲ್ಲಿ ಇಲ್ಲವೆಂದೇ ಎಣಿಕೆಯಾಗುತ್ತದೆ.

ಉಪಾಧ್ಯಾಯರು: ಹಾಗಾದರೆ ನಿನ್ನ ಅಂಗಡಿಯಿಂದಲೇ ಆರಂಭಿಸು. ಕಿನ್ನಾಳದಿಂದ ನೀನು ತರಿಸುವ ಒಂದೊಂದು ಗೊಂಬೆಯೊಡನೆ ಒಂದೊಂದು ಹಾಳೆಯು ಬರಲಿ. ಮಾಡಿದವರು ಒಪ್ಪಿದರೆ ಅವರ ಹೆಸರನ್ನು ಅವರೇ ಬರೆಯಲಿ, ಬರೆಯಲಾರದಿದ್ದರೆ ಹೇಳಲಿ, ನೀನು ಬರೆದುಕೋ. ಮರ ಯಾವುದು, ಅಂಟು ಯಾವುದು, ರೂಪವನ್ನು ಕಲಿತುದು ಯಾರಿಂದ ಎಂಬುದನ್ನು ಅವರ ಮಾತಿನಲ್ಲಿಯೇ ಇಡು, ನಿನ್ನ ಮಾತಿನಲ್ಲಿಟ್ಟು ಅಂದಗೊಳಿಸಬೇಡ. ಹಾಳೆಯ ಒಂದು ಪ್ರತಿಯು ಕೊಂಡವನಿಗೆ, ಒಂದು ಮಾಡಿದವನಿಗೆ, ಒಂದು ನಿನ್ನಲ್ಲಿ. ರೂಪವು ಹೊಸದಾದರೆ ಹೊಸ ಸಂಖ್ಯೆಯನ್ನು ಕೊಡು. ಹಳೆಯ ಸಂಖ್ಯೆಗೆ ಹೊಂದುವಂತೆ ರೂಪವನ್ನು ತಿದ್ದಿಕೊಂಡು ಬಾ ಎಂದು ಮಾತ್ರ ಎಂದಿಗೂ ಅನ್ನಬೇಡ.

ವರ್ತಕ: ಹಾಗೆಯೇ ಮಾಡುತ್ತೇನೆ, ಗುರುಗಳೇ. ಆ ಹಾಳೆಗಳು ಒಂದು ಸಂಪುಟದಷ್ಟಾದಾಗ ತಾವು ಅದನ್ನು ಓದಿ ತಿದ್ದಿಕೊಡಬೇಕು.

ಉಪಾಧ್ಯಾಯರು: ಸಂತೋಷದಿಂದ ಓದುತ್ತೇನೆ. ಆದರೆ ತಿದ್ದತಕ್ಕವನು ನಾನಲ್ಲ. ಅದನ್ನು ಮೊದಲು ಕಿನ್ನಾಳಕ್ಕೆ ಕೊಂಡುಹೋಗಿ, ಅಲ್ಲಿಯ ಹಿರಿಯ ಚಿತ್ರಗಾರರ ಮುಂದೆ ಗಟ್ಟಿಯಾಗಿ ಓದು. ಅವರು ತಪ್ಪೆಂದುದು ತಪ್ಪು, ಸರಿಯೆಂದುದು ಸರಿ. ದಾಸೋಜನ ಹೆಸರನ್ನು ಬೇಲೂರಿನಲ್ಲಿ ಕೆತ್ತಿದವನು ದಾಸೋಜನೇ ಹೊರತು ಅವನನ್ನು ಮೆಚ್ಚಿದ ಪಂಡಿತನಲ್ಲ.